ಎಳೆಯರ ಕೈಯಲ್ಲಿರುವ ಅದ್ಭುತ ಕಾದಂಬರಿಗಳು

ಈ ಅಂಕಣದಲ್ಲಿ ನಾವು ಸಾಮಾನ್ಯವಾಗಿ ವಚನ ವಾಙ್ಮಯವನ್ನು, ಶರಣರ ಚರಿತ್ರೆಗಳನ್ನು, ಇಲ್ಲವೆ ಕನ್ನಡದಲ್ಲಿ ಹೊಸದಾಗಿ ಪ್ರಕಟವಾದ ಗ್ರಂಥಗಳನ್ನು ಕುರಿತು ಬರೆಯುತ್ತ ಬಂದಿದ್ದೇವೆ. ಈ ಸಲ ಆ ರೂಢಿಯನ್ನು ಬಿಟ್ಟು ದೂರದ ಜಪಾನಿನ ಕಡೆಗೂ ಸ್ವಲ್ಪಮಟ್ಟಿಗೆ ಇಂಗ್ಲಿಷಿನ ಕಡೆಗೂ ಹೊರಳಬೇಕಾಗಿದೆ. ಕಾರಣವಿಷ್ಟೆ: ಪ್ರೌಢಶಾಲೆ, ಕಾಲೇಜುಗಳಿಗೆ ಹೋಗುವ ಮಕ್ಕಳಿರುವ ನಮ್ಮ ಅನೇಕ ಮನೆಗಳಲ್ಲಿ ಈಗ ಒಂದು ಬಗೆಯ ಪುಸ್ತಕಗಳು ನೆಲೆಯೂರಿವೆ. ಮುಖಪುಟದಲ್ಲಿ ಅಗಲ ಕಣ್ಣುಗಳ ಬಾಲಕ ಬಾಲಕಿಯರು. ಬೆನ್ನಿನ ಮೇಲೆ ಹನ್ನೆರಡು, ಹದಿನೇಳು, ಇಪ್ಪತ್ತಾರು ಎಂದು ಸಂಪುಟದ ಸಂಖ್ಯೆ. ತಂದೆತಾಯಿಗಳು ಅವನ್ನು ತೆರೆಯುವುದು ಅಪರೂಪ. ತೆರೆದರೂ ಎರಡು ಪುಟಗಳಾಚೆ ಹೋಗುವುದಿಲ್ಲ. ‘ಇದೆಂಥ ಓದು’ ಎಂದು ಗದರುವವರು ಕೆಲವರು, ‘ಏನೋ ಒಂದು ಓದುತ್ತಿದೆಯಲ್ಲ ಮಗು’ ಎಂದು ಸುಮ್ಮನಾಗುವವರು ಹಲವರು. ಒಳಗೇನಿದೆಯೆಂಬುದು ಇಬ್ಬರಿಗೂ ತಿಳಿಯದು. ಆದುದರಿಂದ ಅವುಗಳಲ್ಲಿ ಕೆಲವನ್ನು ನಾವೇ ಓದಿ, ನಮಗೆ ತೋರಿದ್ದನ್ನು ಸದ್ಭಕ್ತ ಬಂಧುಗಳ ಮುಂದಿಡುತ್ತಿದ್ದೇವೆ.

ಜಪಾನೀಯರು ಈ ಬಗೆಯ ಪುಸ್ತಕಗಳಿಗೆ ‘ಲೈಟ್ ನಾವೆಲ್’ ಎನ್ನುತ್ತಾರೆ. ಶಬ್ದಗಳು ಇಂಗ್ಲಿಷಿನವಾದರೂ ಹೆಸರನ್ನು ಕಟ್ಟಿದವರು ಜಪಾನೀಯರೇ. ಹದಿಹರೆಯದವರನ್ನು ಮನಸ್ಸಿನಲ್ಲಿಟ್ಟುಕೊಂಡು ಬರೆದ, ಸಂಭಾಷಣೆ ಹೆಚ್ಚಾಗಿರುವ, ನಡುನಡುವೆ ಚಿತ್ರಗಳುಳ್ಳ, ಬಹುಪಾಲು ಜೇಬಿನಲ್ಲಿ ಹಿಡಿಸುವಷ್ಟು ಪುಟ್ಟದಾದ ಕಾದಂಬರಿ ಎಂದು ಅದನ್ನು ವಿವರಿಸಬಹುದು. ಕಥೆ ಒಂದು ಸಂಪುಟಕ್ಕೆ ಮುಗಿಯುವುದಿಲ್ಲ. ವರ್ಷಕ್ಕೆರಡು ಮೂರರಂತೆ ಹತ್ತಾರು ವರ್ಷ ಸಾಗುತ್ತದೆ. ಈಚಿನವುಗಳಲ್ಲಿ ಅನೇಕವು ಮೊದಲು ಅಂತರ್ಜಾಲದಲ್ಲಿ ಕಂತುಕಂತಾಗಿ ಬಂದು, ಓದುಗರ ಮೆಚ್ಚುಗೆ ಗಳಿಸಿದ ಮೇಲೆ ಪುಸ್ತಕರೂಪ ತಾಳಿದವು. ‘ಚಂದಮಾಮ’ದ ಸಚಿತ್ರ ಧಾರಾವಾಹಿಗಾಗಿ ತಿಂಗಳು ಪೂರ್ತಿ ಕಾದು ಕುಳಿತ ಹಿರಿಯರಿಗೆ ಈ ಚಟವನ್ನು ವಿವರಿಸಬೇಕಾದ ಅಗತ್ಯವಿಲ್ಲ.

ಅದ್ಭುತ ಕಥೆಯೆಂಬ ಕಾರಣಕ್ಕೇ ಇವನ್ನು ತಳ್ಳಿಹಾಕುವವರಿದ್ದಾರೆ. ಮಾಯೆ, ಮಂತ್ರ, ಮಾತನಾಡುವ ಮೃಗ ಇವೆಲ್ಲ ಎಳೆಯರ ಬುದ್ಧಿಯನ್ನು ಕೆಡಿಸುತ್ತವೆಯೆಂಬುದು ಅವರ ವಾದ. ಶ್ರಾವಣಮಾಸದಲ್ಲಿ ಪುರಾಣ ಕೇಳಿ ಬೆಳೆದ ಸಮಾಜ ನಮ್ಮದು. ಮಾಯೆಯೇ ರಾಜಕುಮಾರಿಯಾಗಿ ಹುಟ್ಟಿ ಬನವಾಸಿಯಲ್ಲಿ ಮದ್ದಳೆಕಾರನ ಬೆನ್ನುಹತ್ತಿದ ಕಥೆಯನ್ನು ಚಾಮರಸನು ‘ಪ್ರಭುಲಿಂಗಲೀಲೆ’ಯಲ್ಲಿ ಹೇಳಿದಾಗ ಯಾರ ಬುದ್ಧಿಯೂ ಕೆಡಲಿಲ್ಲ. ಅದ್ಭುತವಿದೆಯೆಂಬುದು ಆಕ್ಷೇಪವಾಗಲಾರದು; ಆ ಅದ್ಭುತವನ್ನು ಯಾವುದಕ್ಕಾಗಿ ಬಳಸಿದ್ದಾರೆಂದು ಕೇಳುವುದು ನ್ಯಾಯ.

ಹಾಗೆ ಕೇಳಿದಾಗ ಮಾತ್ರ ಬಹಳಷ್ಟು ಪುಸ್ತಕಗಳು ನಿಲ್ಲುವುದಿಲ್ಲ. ಈ ಕಾದಂಬರಿಗಳಲ್ಲಿ ಬಹು ದೊಡ್ಡ ಪಾಲು ‘ಇಸೆಕೈ’ ಎಂಬ ಗುಂಪಿಗೆ ಸೇರಿದವು. ಇಸೆಕೈ ಎಂದರೆ ಬೇರೆ ಲೋಕ. ಚೌಕಟ್ಟು ಹೆಚ್ಚುಕಡಿಮೆ ಒಂದೇ: ದಣಿದ ನೌಕರನೋ ಒಂಟಿ ವಿದ್ಯಾರ್ಥಿಯೋ ಅಕಾಲದಲ್ಲಿ ಸಾಯುತ್ತಾನೆ, ಕೋಟೆ, ಖಡ್ಗ, ಮಾಟಗಾರರಿರುವ ಲೋಕವೊಂದರಲ್ಲಿ ಹಿಂದಿನ ನೆನಪಿನೊಂದಿಗೆ ಮತ್ತೆ ಹುಟ್ಟುತ್ತಾನೆ, ಹುಟ್ಟುವಾಗಲೇ ಯಾರಿಗೂ ಇಲ್ಲದ ಶಕ್ತಿಯೊಂದು ಅವನ ಕೈಸೇರಿರುತ್ತದೆ. ಶರಣರು ಭವ ಹರಿಯಬೇಕೆಂದು ಹಂಬಲಿಸಿದರು. ಇಲ್ಲಿ ಮರುಹುಟ್ಟು ಬಹುಮಾನದಂತೆ ಬರುತ್ತದೆ. ಫ್ಯೂಸೆ ಎಂಬ ಲೇಖಕರ ಜನಪ್ರಿಯ ಮಾಲಿಕೆಯೊಂದರಲ್ಲಿ ಇರಿತಕ್ಕೆ ಬಲಿಯಾದ ನೌಕರನು ಲೋಳೆಯ ಮುದ್ದೆಯಾಗಿ ಹುಟ್ಟಿ, ನುಂಗಿದ ಪ್ರಾಣಿಗಳ ಶಕ್ತಿಯನ್ನೆಲ್ಲ ತನ್ನದಾಗಿಸಿಕೊಳ್ಳುತ್ತ ಹೋಗುತ್ತಾನೆ. ಕಲ್ಪನೆ ತಮಾಷೆಯದು. ಅವನು ಭೂತ ಬೇತಾಳಗಳಿಗೆ ಹೆಸರಿಟ್ಟು, ಊರು ಕಟ್ಟಿಕೊಡುವ ಭಾಗ ನಮಗೂ ಹಿಡಿಸಿತು. ಆದರೆ ಸೋಲೆಂಬುದೇ ಇಲ್ಲದವನ ಗೆಲುವನ್ನು ಎಷ್ಟು ಸಂಪುಟ ಓದುವುದು?

ಗೋರಕ್ಷನ ವಜ್ರಕಾಯಕ್ಕೆ ಖಡ್ಗ ತಾಗಿದಾಗ ಖಣಿಲೆಂದು ಸದ್ದಾಯಿತೆಂದೂ, ಅಲ್ಲಮಪ್ರಭುವಿನ ಮೈಯಲ್ಲಿ ಅದೇ ಖಡ್ಗವು ಬಯಲಿನಲ್ಲಿ ಸುಳಿದಂತೆ ಸುಳಿಯಿತೆಂದೂ ನಾವು ಕೇಳಿದ್ದೇವೆ. ಈ ಮರುಹುಟ್ಟಿನ ನಾಯಕರು ಬಹುಪಾಲು ಗೋರಕ್ಷನಲ್ಲಿಗೇ ನಿಂತುಬಿಡುತ್ತಾರೆ. ಖಣಿಲೆಂಬ ಸದ್ದೇ ಅವರ ಸಿದ್ಧಿ, ಅದೇ ಅವರ ಸಂಪಾದನೆ.

ಇದೇ ಗುಂಪಿನ ‘ಮುಶೊಕು ತೆನ್ಸೆ’ ಎಂಬ ಮಾಲಿಕೆಯ ವಿಷಯದಲ್ಲಿ ತಂದೆತಾಯಿಗಳಿಗೆ ನೇರವಾಗಿಯೇ ಹೇಳಬೇಕಾಗಿದೆ. 2014ರಿಂದ 2022ರವರೆಗೆ 26 ಸಂಪುಟಗಳಲ್ಲಿ ಬಂದ ಈ ಕೃತಿಗೆ ಅಪಾರ ಓದುಗರಿದ್ದಾರೆ. ಬದುಕನ್ನು ವ್ಯರ್ಥವಾಗಿ ಕಳೆದವನು ಎರಡನೆಯ ಅವಕಾಶದಲ್ಲಿ ತಿದ್ದಿಕೊಳ್ಳುವ ಕಥೆಯೆಂದು ಅವರು ಅದನ್ನು ಹೊಗಳುತ್ತಾರೆ. ಆದರೆ ಮಗುವಿನ ದೇಹದೊಳಗೆ ಕುಳಿತ ಪ್ರೌಢನು ಸುತ್ತಲಿನ ಹೆಣ್ಣುಮಕ್ಕಳನ್ನು ನೋಡುವ ನೋಟವನ್ನು ಲೇಖಕರು ವಿನೋದವೆಂಬಂತೆ ಬರೆದಿದ್ದಾರೆ. ಅದು ಮನೆಮಂದಿಯ ಪುಸ್ತಕವಲ್ಲ.

ಇನ್ನು ನಮ್ಮನ್ನು ನಿಜವಾಗಿ ಹಿಡಿದು ಕೂರಿಸಿದ ಕೃತಿಗೆ ಬರೋಣ. ಅದೂ ಮರುಹುಟ್ಟಿನ ಕಥೆಯೇ. ಮಿಯಾ ಕಾಜುಕಿ ಎಂಬ ಲೇಖಕಿ 2013ರಲ್ಲಿ ಆರಂಭಿಸಿ 2017ರಲ್ಲಿ ಅಂತರ್ಜಾಲದ ಕಂತುಗಳನ್ನು ಮುಗಿಸಿದರು. ಪುಸ್ತಕರೂಪದಲ್ಲಿ ಅದು 2015ರಿಂದ 2023ರವರೆಗೆ ಐದು ಭಾಗ, 33 ಸಂಪುಟಗಳಾಗಿ ಹೊರಬಂದಿತು. ಇಂಗ್ಲಿಷಿನಲ್ಲಿ ‘ಅಸೆಂಡನ್ಸ್ ಆಫ್ ಎ ಬುಕ್‌ವರ್ಮ್’ ಎಂಬ ಹೆಸರಿದೆ. ಪುಸ್ತಕದ ಹುಳು ಮೇಲೇರಿದ ಕಥೆ ಎನ್ನೋಣ.

ಉರಾನೋ ಎಂಬ ಯುವತಿಗೆ ಓದಿನ ಹುಚ್ಚು. ಗ್ರಂಥಪಾಲಕಿಯಾಗುವ ಹೊತ್ತಿಗೆ ಸರಿಯಾಗಿ ಭೂಕಂಪವಾಗಿ, ಮೈಮೇಲೆ ಬಿದ್ದ ಪುಸ್ತಕಗಳಡಿಯಲ್ಲೇ ಸಾಯುತ್ತಾಳೆ. ಕಣ್ಣು ತೆರೆದಾಗ ಅವಳು ಮೈನ್ ಎಂಬ ಐದು ವರ್ಷದ ರೋಗಿಷ್ಠ ಹುಡುಗಿ. ತಂದೆ ನಗರದ ಹೆಬ್ಬಾಗಿಲ ಕಾವಲು ಸೈನಿಕ, ತಾಯಿ ಬಟ್ಟೆಗೆ ಬಣ್ಣ ಹಾಕುವವಳು, ಅಕ್ಕ ಟೂಲಿ. ಮನೆಯಲ್ಲಿ ಒಂದು ಪುಸ್ತಕವೂ ಇಲ್ಲ. ಓಣಿಯಲ್ಲಿಯೂ ಇಲ್ಲ. ಪುಸ್ತಕವೆಂಬ ಮಾತೇ ಆ ಮನೆಗೆ ತಿಳಿಯದು. ಚರ್ಮದ ಹಾಳೆಗಳ ಮೇಲೆ ಕೈಯಿಂದ ಬರೆದ ಗ್ರಂಥಗಳು ಶ್ರೀಮಂತ ಕುಲೀನರ ಸೊತ್ತು. ಒಂದರ ಬೆಲೆ ಸೈನಿಕನ ಕುಟುಂಬ ಕನಸಿನಲ್ಲಿಯೂ ಎಣಿಸಲಾಗದಷ್ಟು. ಪುಸ್ತಕವಿಲ್ಲವೆಂದಾದರೆ ತಾನೇ ಮಾಡಿಕೊಳ್ಳುತ್ತೇನೆಂದು ಆ ಹುಡುಗಿ ಹೊರಡುತ್ತಾಳೆ. ಮೂವತ್ತಮೂರು ಸಂಪುಟಗಳ ಮೂಲಬೀಜ ಇಷ್ಟೆ.

ಈ ಹುಡುಗಿಯ ಕೈಯಲ್ಲಿ ಖಡ್ಗವಿಲ್ಲ. ನಾಲ್ಕು ಹೆಜ್ಜೆ ನಡೆದರೆ ಜ್ವರ ಬಂದು ಮಲಗುವ ಜೀವ. ಗೊತ್ತಿರುವುದೇನಿದ್ದರೂ ಹಿಂದಿನ ಜನ್ಮದಲ್ಲಿ ಓದಿದ್ದು. ಓದಿ ತಿಳಿದದ್ದಕ್ಕೂ ಕೈಯಿಂದ ಮಾಡುವುದಕ್ಕೂ ಇರುವ ಅಂತರವನ್ನು ಲೇಖಕಿ ಬಹಳ ತಾಳ್ಮೆಯಿಂದ ತೋರಿಸುತ್ತಾರೆ. ಹುಲ್ಲಿನ ನಾರು ಹೆಣೆದು ಹಾಳೆ ಮಾಡಹೊರಟರೆ ಬೆರಳಗಲದ್ದೂ ಆಗದು. ಮಣ್ಣಿನ ಹಲಗೆಗಳ ಮೇಲೆ ಬರೆದರೆ ಸುಡುವಾಗ ಸಿಡಿದುಹೋಗುತ್ತವೆ. ಕಟ್ಟಿಗೆಯ ಪಟ್ಟಿಗಳನ್ನು ನುಣುಪುಮಾಡಿ ಜೋಡಿಸಿಟ್ಟರೆ, ಅವು ಸೌದೆಯೆಂದು ತಿಳಿದು ತಾಯಿ ಒಲೆಗೆ ಹಾಕಿಬಿಡುತ್ತಾಳೆ! ಈ ಕೊನೆಯ ಪ್ರಸಂಗವನ್ನು ಓದಿ ನಾವು ನಕ್ಕೆವು. ಅಕ್ಷರವಿಲ್ಲದ ಮನೆಯಲ್ಲಿ ಬರೆದ ಕಟ್ಟಿಗೆಗೂ ಬರೆಯದ ಕಟ್ಟಿಗೆಗೂ ವ್ಯತ್ಯಾಸವಿರಲಾರದೆಂದು ಹೊಳೆದಾಗ ನಗು ನಿಂತಿತು. ತಾಯಿಯದೇನೂ ತಪ್ಪಿಲ್ಲ. ಚಳಿಗಾಲ ಹತ್ತಿರವಾಗಿದೆ, ಸೌದೆ ಬೇಕು.

ಕಡೆಗೆ ಮರದ ತೊಗಟೆಯ ನಾರನ್ನು ಬೇಯಿಸಿ, ಬಡಿದು, ನೀರಿನಲ್ಲಿ ಕದಡಿ, ಜಾಲರಿಯಲ್ಲಿ ಸೋಸಿ ಹಾಳೆ ಎತ್ತುವ ಜಪಾನೀ ಕ್ರಮವನ್ನು ಅವಳು ನೆನಪುಮಾಡಿಕೊಳ್ಳುತ್ತಾಳೆ. ನೆನಪು ಅವಳದು, ದುಡಿಮೆ ನೆರೆಮನೆಯ ಲುಟ್ಜ್ ಎಂಬ ಹುಡುಗನದು. ಪಾತ್ರೆ ಎಲ್ಲಿಂದ, ಬೂದಿ ಎಲ್ಲಿಂದ, ಜಾಲರಿಗೆ ಬಿದಿರಿನಂಥ ಕಡ್ಡಿಯನ್ನು ಸೀಳುವವರು ಯಾರು, ಇವೆಲ್ಲಕ್ಕೂ ಹಣ ಕೊಡುವವರು ಯಾರು ಎಂಬುದು ಪುಟಗಟ್ಟಲೆ ಬರುತ್ತದೆ. ಬೆನ್ನೋ ಎಂಬ ವರ್ತಕನೊಡನೆ ಈ ಎರಡು ಮಕ್ಕಳು ಕುಳಿತು ಕರಾರು ಮಾಡಿಕೊಳ್ಳುವ ಸನ್ನಿವೇಶಗಳು ನಮ್ಮ ವ್ಯಾಪಾರಸ್ಥ ಬಂಧುಗಳಿಗೆ ಬಹಳ ಹಿಡಿಸಬಹುದು. ಕೆಲವು ಓದುಗರು ಈ ಭಾಗ ನಿಧಾನವೆಂದು ದೂರುತ್ತಾರೆ. ನಮ್ಮ ಅಭಿಪ್ರಾಯದಲ್ಲಿ ಕೃತಿಯ ಜೀವವಿರುವುದೇ ಅಲ್ಲಿ. ಹುಲ್ಲು ಕೊಯ್ದು ಹಗ್ಗ ಹೊಸೆದ ನುಲಿಯ ಚಂದಯ್ಯನವರನ್ನು ಶರಣರೆಂದು ಪೂಜಿಸುವ ನಮಗೆ, ನಾರು ಬಡಿಯುವುದನ್ನು ಇಪ್ಪತ್ತು ಪುಟ ಓದುವ ತಾಳ್ಮೆ ಇರಬೇಕಲ್ಲವೆ?

ಎರಡನೆಯ ಭಾಗದಲ್ಲಿ ಕಥೆ ದೇವಾಲಯಕ್ಕೆ ಹೋಗುತ್ತದೆ. ಅಲ್ಲಿ ಸರಪಳಿ ಬಿಗಿದ ಗ್ರಂಥಗಳ ಭಂಡಾರವಿದೆಯೆಂದು ಕಂಡದ್ದೇ ತಡ, ಹೇಗಾದರೂ ಒಳಸೇರಬೇಕೆಂದು ಮೈನ್ ಹಟಹಿಡಿಯುತ್ತಾಳೆ. ಆ ದೇವಾಲಯಕ್ಕೆ ಸೇರಿದ ಅನಾಥಾಲಯವೊಂದಿದೆ. ಅದರ ನೆಲಮಾಳಿಗೆಯಲ್ಲಿ ಎಳೆಯ ಮಕ್ಕಳು ಹೊಲಸಿನಲ್ಲಿ, ಹಸಿವಿನಲ್ಲಿ ಬಿದ್ದಿವೆ. ಕುಲೀನ ಪುರೋಹಿತರು ಉಂಡು ಮಿಕ್ಕದ್ದು ದೊಡ್ಡವರಿಗೇ ಸಾಲದು, ಅವುಗಳಿಗೆ ತಲಪುವುದು ದೂರದ ಮಾತು. ಇದನ್ನು ಕಂಡ ಮೈನ್ ಮೊದಲು ಮಾಡುವುದೇನು? ಮುಖ ತಿರುಗಿಸುತ್ತಾಳೆ. ಕಂಡದ್ದನ್ನು ಮರೆತು ಓದುತ್ತ ಕೂರಲು ಯತ್ನಿಸುತ್ತಾಳೆ, ಆಗುವುದಿಲ್ಲ. ಹೊಣೆ ಹೊತ್ತರೆ ಓದುವ ಸಮಯ ಹೋದೀತೆಂದು ಹಿಂಜರಿದು, ಲುಟ್ಜ್‌ನ ಒತ್ತಾಸೆಯ ಮೇಲೆಯೇ ಮುಂದಡಿಯಿಡುತ್ತಾಳೆ. ನಾಯಕಿಯ ಈ ಸ್ವಾರ್ಥವನ್ನು ಲೇಖಕಿ ಮುಚ್ಚಿಡದಿರುವುದನ್ನು ನಾವು ಮೆಚ್ಚಿದೆವು. ಪುಸ್ತಕಪ್ರೇಮವೂ ಒಂದು ಹಸಿವೇ. ಆ ಹಸಿವಿನಲ್ಲಿ ಪಕ್ಕದವರ ಹಸಿವು ಕಾಣದೆಹೋಗಬಹುದು.

ಆಮೇಲೆ ಅವಳು ಮಾಡುವುದು ಭಿಕ್ಷೆ ಹಂಚುವ ಕೆಲಸವಲ್ಲ. ಮಕ್ಕಳಿಗೆ ಸ್ನಾನ, ಕೋಣೆಗಳಿಗೆ ಶುಚಿ, ತಾವೇ ಕುದಿಸಿಕೊಳ್ಳುವ ಸಾರು, ಅದರ ಮೇಲೆ ಕಾಗದದ ಕಾರ್ಖಾನೆ. ಅನಾಥರೇ ಕಾಗದ ಮಾಡುತ್ತಾರೆ, ಮಾರಿದ ಹಣದಿಂದ ಉಣ್ಣುತ್ತಾರೆ. ಕಾಯಕ, ದಾಸೋಹ ಎಂಬ ಶಬ್ದಗಳನ್ನು ಲೇಖಕಿ ಕೇಳಿರಲಾರರು. ಬಲವಂತವಾಗಿ ಅವನ್ನು ತಂದು ಹಚ್ಚುವುದು ನಮಗೂ ಬೇಡ. ಆದರೂ ದುಡಿದು ಉಣ್ಣುವುದನ್ನು ಕಲಿತ ಆ ಮಕ್ಕಳ ಮುಖದಲ್ಲಿ ಮೂಡುವ ಬದಲಾವಣೆಯನ್ನು ಓದುವಾಗ ನಮ್ಮ ಓದುಗರಿಗೆ ಆ ಎರಡು ಶಬ್ದಗಳು ನೆನಪಾಗದೆ ಇರಲಾರವು.

ಅಲ್ಲಿಂದ ಮಸಿ, ಮರದಚ್ಚು, ಕೊರೆದ ಹಾಳೆಯ ಅಚ್ಚು, ಕೊನೆಗೆ ಲೋಹದ ಮೊಳೆ. ಅಕ್ಷರದ ಮೊಳೆಗಳನ್ನು ಎರಕಹೊಯ್ದು ತಂದ ಕಮ್ಮಾರ ಯುವಕನಿಗೆ ಮೈನ್ ಸಂತೋಷ ತಡೆಯಲಾರದೆ ‘ಗುಟೆನ್‌ಬರ್ಗ್’ ಎಂದು ಬಿರುದು ಕೊಡುತ್ತಾಳೆ. ಮುಂದೆ ವರ್ತಕ, ಬಡಗಿ, ಮಸಿ ಮಾಡುವವಳು ಎಲ್ಲರೂ ಗುಟೆನ್‌ಬರ್ಗ್‌ಗಳೇ. ಈ ಭಾಗ ಓದುವಾಗ ನಮಗೆ ಫ.ಗು. ಹಳಕಟ್ಟಿಯವರು ನೆನಪಾದರು. ಮನೆಮನೆಯ ಜಗುಲಿಯ ಮೇಲಿದ್ದ ತಾಳೆಯೋಲೆಯ ಕಟ್ಟುಗಳನ್ನು ಅರಸಿ, 1923ರಲ್ಲಿ ‘ವಚನಶಾಸ್ತ್ರಸಾರ’ದ ಮೊದಲ ಭಾಗವನ್ನು ಹೊರತಂದು, ವಿಜಾಪುರದಲ್ಲಿ ತಮ್ಮದೇ ಮುದ್ರಣಾಲಯ ನಡೆಸಿ, 1926ರಿಂದ ‘ಶಿವಾನುಭವ’ ಪತ್ರಿಕೆ ನಡೆಸಿದ ಆ ಮಹನೀಯರಿಂದಾಗಿಯೇ ವಚನಗಳು ಓಲೆಯಿಂದ ಇಳಿದು ನಮ್ಮ ಕೈಗೆ ಬಂದವು. ಬರೆದದ್ದು ಅಚ್ಚಾಗುವುದೆಂದರೆ ಏನೆಂಬುದನ್ನು ಇಂದಿನ ಮಗು ಯೋಚಿಸುವುದಿಲ್ಲ. ಈ ಕಾದಂಬರಿ ಯೋಚಿಸುವಂತೆ ಮಾಡುತ್ತದೆ.

ಲುಟ್ಜ್‌ನ ಮನೆಯ ಜಗಳವನ್ನು ಹೇಳದೆ ಮುಂದೆ ಹೋಗಲಾರೆವು. ಬಡಗಿಯ ಮಗ ವರ್ತಕನಾಗುತ್ತೇನೆನ್ನುತ್ತಾನೆ. ತಂದೆ ಮಾತು ಕಡಿಮೆ, ಆಡಿದರೆ ಒರಟು. ಬೇರೆ ಊರಿಗೆ ಕೆಲಸದ ಮೇಲೆ ಹೋಗಲು ಮಗನಿಗೆ ಒಪ್ಪಿಗೆ ಕೊಡುವುದಿಲ್ಲ. ಮಗ ಮನೆ ಬಿಟ್ಟು ಓಡುತ್ತಾನೆ. ದೇವಾಲಯದ ಪ್ರಧಾನ ಅರ್ಚಕನ ಎದುರು ಇಬ್ಬರನ್ನೂ ಕೂರಿಸಿ ಕೇಳಿದಾಗ ಗೊತ್ತಾಗುವುದೇನೆಂದರೆ, ಕೋಟೆಯಾಚೆಯ ದಾರಿ ಅಪಾಯದ್ದೆಂಬುದೇ ತಂದೆಯ ಕಾರಣ; ಆರಿಸಿಕೊಂಡ ದಾರಿಯಲ್ಲಿ ಮಗ ಗಟ್ಟಿಯಾಗಿ ನಿಲ್ಲಲೆಂಬುದೇ ಅವನ ಇಚ್ಛೆ. ಹೇಳಲು ಬಾರದೆ ಹೋಗಿತ್ತು, ಅಷ್ಟೆ. ನಮ್ಮ ಎಷ್ಟು ಮನೆಗಳಲ್ಲಿ ಇಂಥ ಮಾತುಬಾರದ ತಂದೆಯರಿಲ್ಲ? ಈ ಒಂದು ಅಧ್ಯಾಯವನ್ನು ಮಗನೂ ತಂದೆಯೂ ಬೇರೆ ಬೇರೆಯಾಗಿ ಓದಿದರೂ ಸಾಕು.

ಇಷ್ಟು ಮೆಚ್ಚಿದ ಮೇಲೆ ನಮ್ಮ ಆಕ್ಷೇಪವನ್ನೂ ಹೇಳಬೇಕು, ಅದು ಸಣ್ಣದಲ್ಲ. ಮೂಲ ಜಪಾನೀ ಹೆಸರಿನಲ್ಲಿ ‘ಗೆಕೊಕುಜೊ’ ಎಂಬ ಹಳೆಯ ಶಬ್ದವಿದೆ. ಕೆಳಗಿನವರು ಮೇಲಿನವರನ್ನು ಮೀರುವುದು ಎಂದು ಅದರ ಅರ್ಥ. ಹಾಗಾದರೆ ಮೈನ್ ಮೇಲೇರಿದ್ದು ಯಾವುದರಿಂದ? ಕಾಗದದಿಂದ ಅವಳಿಗೆ ಹಣ ಬಂದಿತು, ವರ್ತಕರ ಮನ್ನಣೆ ಬಂದಿತು. ದೇವಾಲಯದ ಬಾಗಿಲು ತೆರೆಯಿಸಿದ್ದು, ಕುಲೀನರು ಅವಳನ್ನು ಬೇಕೆಂದದ್ದು ಮಾತ್ರ ಅವಳಲ್ಲಿ ಹುಟ್ಟಿನಿಂದಲೇ ಇದ್ದ ಮಾಯಾಶಕ್ತಿಯ ಕಾರಣದಿಂದ. ಆ ಲೋಕದಲ್ಲಿ ಈ ಶಕ್ತಿ ಕುಲೀನರ ಹುಟ್ಟುಗುಣ. ಬಡವರ ಮನೆಯಲ್ಲಿ ಅಪರೂಪಕ್ಕೆ ಅದರೊಡನೆ ಹುಟ್ಟಿದ ಮಗು, ಅದನ್ನು ಹೊರಹಾಕುವ ಉಪಕರಣ ಕೊಳ್ಳಲಾರದೆ ಒಳಗಿನ ಬೇಗೆಯಲ್ಲೇ ಬೆಂದು ಸಾಯುತ್ತದೆ. ಇಲ್ಲವೆ ಕುಲೀನನೊಬ್ಬನಿಗೆ ತನ್ನನ್ನು ಒತ್ತೆಯಿಡುತ್ತದೆ. ಇಂಥ ಘೋರವನ್ನು ಕಲ್ಪಿಸಿದ ಲೇಖಕಿ, ಅದನ್ನು ಪ್ರಶ್ನಿಸುವ ಹೊತ್ತಿಗೆ ಹಿಂದೆ ಸರಿಯುತ್ತಾರೆ. ಮೂರನೆಯ ಭಾಗದಿಂದ ಕಥೆ ಅರಮನೆಗೂ ವಿದ್ಯಾಪೀಠಕ್ಕೂ ಹೋಗಿ, ಕುಲ, ಶಕ್ತಿ, ಸ್ಥಾನಮಾನಗಳ ಲೆಕ್ಕದಲ್ಲಿಯೇ ಬಹಳ ದೂರ ನಡೆಯುತ್ತದೆ. ಏಣಿ ಹಾಗೆಯೇ ಉಳಿಯಿತು; ಒಬ್ಬಳು ಅದರ ಮೇಲೆ ಹತ್ತಿದಳು. ಹುಟ್ಟಿನಿಂದ ಬಂದ ಹಿರಿಮೆಯನ್ನು ಅಲ್ಲಗಳೆದವರ ಸಂತತಿಯಾದ ನಾವು ಇದನ್ನು ಗಮನಿಸದೆ ಹೋಗಬಾರದು. ಶಕ್ತಿಯೇನೂ ಇಲ್ಲದೆ, ಬರಿಯ ದುಡಿಮೆ ಮತ್ತು ಮಾತಿಗೆ ತಪ್ಪದ ನಡತೆಯಿಂದ ಮುಂದೆ ಬಂದ ಲುಟ್ಜ್‌ನೇ ನಮ್ಮ ಕಣ್ಣಿಗೆ ಈ ಕೃತಿಯ ನಿಜವಾದ ನಾಯಕ.

ಆದರೆ ಆ ಏರಿಕೆಗೆ ತೆತ್ತ ಬೆಲೆಯನ್ನು ಲೇಖಕಿ ಮರೆಮಾಚಿಲ್ಲ. ಎರಡನೆಯ ಭಾಗದ ಕೊನೆಗೆ, ತನ್ನವರ ಜೀವ ಉಳಿಸಲು ಮೈನ್ ನಾಡಿನ ಒಡೆಯನ ದತ್ತುಮಗಳಾಗಬೇಕಾಗುತ್ತದೆ. ಇನ್ನು ಮೇಲೆ ತಾಯಿಯನ್ನು ತಾಯಿ ಎಂದು ಕರೆಯುವಂತಿಲ್ಲ, ತಂದೆಯನ್ನು ತಂದೆ ಎನ್ನುವಂತಿಲ್ಲ ಎಂಬ ಮಾಂತ್ರಿಕ ಕರಾರಿಗೆ ಮನೆಮಂದಿಯೆಲ್ಲ ರುಜು ಹಾಕುತ್ತಾರೆ. ನಿನ್ನ ಉಡುಪನ್ನು ಹೊಲಿಯುವಂಥ ಒಳ್ಳೆಯ ಹೊಲಿಗೆಗಾರ್ತಿಯಾಗುತ್ತೇನೆಂದು ಅಕ್ಕ ಮಾತು ಕೊಡುತ್ತಾಳೆ. ಆಗತಾನೆ ಹುಟ್ಟಿದ ತಮ್ಮನಿಗೆ ತನಗೊಬ್ಬ ಅಕ್ಕನಿದ್ದಳೆಂಬುದೂ ಗೊತ್ತಾಗುವಂತಿಲ್ಲ; ಅವಳು ಮಾಡಿಸಿದ ಚಿತ್ರಪುಸ್ತಕಗಳು ಮಾತ್ರ ಲುಟ್ಜ್‌ನ ಕೈಯಿಂದ ಅವನಿಗೆ ತಲಪುತ್ತಿರುತ್ತವೆ. ಪುಸ್ತಕಕ್ಕಾಗಿ ಹಾತೊರೆದವಳಿಗೆ ಕಡೆಗೆ ಪುಸ್ತಕವೊಂದೇ ಮನೆಯೊಡನೆ ಉಳಿದ ನಂಟು. ಹಗುರ ಕಾದಂಬರಿಯೆಂಬ ಹೆಸರಿನ ಪುಸ್ತಕವೊಂದರಲ್ಲಿ ಇಂಥ ಭಾರ ಎದುರಾದೀತೆಂದು ನಾವು ನಿರೀಕ್ಷಿಸಿರಲಿಲ್ಲ.

ಮೊದಲೆರಡು ಭಾಗಗಳ ಏಳು ಸಂಪುಟಗಳನ್ನು ಹದಿಮೂರು ದಾಟಿದ ಮಕ್ಕಳು ಓದಬಹುದು. ಎರಡನೆಯ ಭಾಗದಲ್ಲಿ ದೇವಾಲಯದ ಪರಿಚಾರಿಕೆಯರನ್ನು ಕುಲೀನರು ಬಳಸಿಕೊಳ್ಳುವ ವಿಚಾರ ಸೂಚ್ಯವಾಗಿ ಬರುತ್ತದೆ. ಮಗಳು ಕೇಳಿದರೆ ತಾಯಿ ಉತ್ತರಿಸಲು ಸಿದ್ಧಳಿರಲಿ. ಉಳಿದ 26 ಸಂಪುಟಗಳು ಆಸೆಯಿದ್ದವರಿಗೆ.

ಬೇರೆ ಎರಡು ಮಾಲಿಕೆಗಳನ್ನು ಚಿಕ್ಕದಾಗಿ ಹೇಳಿಬಿಡುತ್ತೇವೆ. ಇಸುನಾ ಹಸೆಕುರಾ ಅವರ ‘ಸ್ಪೈಸ್ ಅಂಡ್ ವುಲ್ಫ್’ 2006ರಲ್ಲಿ ಆರಂಭವಾಯಿತು. ಊರೂರು ಅಲೆಯುವ ವರ್ತಕನ ಬಂಡಿಗೆ ಬೆಳೆಯ ದೇವತೆಯೊಬ್ಬಳು ಹತ್ತಿಕೊಳ್ಳುತ್ತಾಳೆ. ನಿಜರೂಪದಲ್ಲಿ ಅವಳು ಹೆದ್ದೋಳ. ಶತಮಾನಗಳ ಕಾಲ ಹೊಲ ಕಾಯ್ದ ಊರಿನವರು ಹೊಸ ಬೇಸಾಯ ಕಲಿತ ಮೇಲೆ ಅವಳನ್ನು ಮರೆತಿದ್ದಾರೆ. ನಾಣ್ಯದಲ್ಲಿ ಬೆಳ್ಳಿಯ ಪ್ರಮಾಣ ಇಳಿದರೆ ಯಾರು ಮುಳುಗುತ್ತಾರೆ, ಯಾರು ತೇಲುತ್ತಾರೆ ಎಂಬಂಥ ವಿಷಯವೇ ಇಲ್ಲಿ ಯುದ್ಧದ ಸ್ಥಾನದಲ್ಲಿದೆ. ಮರೆತುಹೋದ ದೇವತೆಯ ಒಂಟಿತನ ಮನಸ್ಸಿಗೆ ನಾಟುತ್ತದೆ. ಕುಡಿತದ ಪ್ರಸಂಗಗಳು, ಆರಂಭದ ನಗ್ನದೃಶ್ಯ ಇವನ್ನು ನೋಡಿದರೆ ಇದು ಕಾಲೇಜು ವಯಸ್ಸಿನವರಿಗೆ. ನತ್ಸು ಹ್ಯೂಗಾ ಅವರ ‘ದಿ ಅಪೋಥೆಕರಿ ಡೈರೀಸ್’ನಲ್ಲಿ ಅಪಹರಣಕ್ಕೊಳಗಾಗಿ ಅಂತಃಪುರಕ್ಕೆ ಮಾರಾಟವಾದ ಮಾವೊಮಾವೊ ಎಂಬ ಔಷಧಗಾರನ ಸಾಕುಮಗಳು, ರಾಜಶಿಶುಗಳು ಸಾಯುತ್ತಿರುವುದು ಶಾಪದಿಂದಲ್ಲ, ತಾಯಂದಿರು ಹಚ್ಚುವ ವಿಷಯುಕ್ತ ಬಿಳಿ ಮುಖಪುಡಿಯಿಂದ ಎಂದು ಕಂಡುಹಿಡಿಯುತ್ತಾಳೆ. ಬಟ್ಟೆಯ ಚೂರಿನ ಮೇಲೆ ಬರೆದು ಎಚ್ಚರಿಸುತ್ತಾಳೆ. ಒಬ್ಬ ರಾಣಿ ನಂಬಿದಳು, ಮಗು ಉಳಿಯಿತು, ಇನ್ನೊಬ್ಬಳು ನಂಬಲಿಲ್ಲ. ಮಾಟಮಂತ್ರಕ್ಕೆ ಕಾರಣ ಕೇಳುವ ಹುಡುಗಿ ಎಲ್ಲಿದ್ದರೂ ನಮ್ಮವಳೇ.

ಇಂಗ್ಲಿಷಿನ ಈಚಿನ ಅದ್ಭುತ ಕಾದಂಬರಿಗಳಲ್ಲಿ ದೊಡ್ಡವರು ಓದಬಹುದಾದ ಎರಡನ್ನು ಹೆಸರಿಸುತ್ತೇವೆ. ಆರ್.ಎಫ್. ಕುವಾಂಗ್ ಅವರ ‘ಬೇಬಲ್’ 2022ರದು. ಒಂದು ಭಾಷೆಯ ಶಬ್ದ ಇನ್ನೊಂದಕ್ಕೆ ಹೋಗುವಾಗ ಕಳೆದುಹೋಗುವ ಅರ್ಥವೇ ಬೆಳ್ಳಿಯ ಗಟ್ಟಿಯಲ್ಲಿ ಶಕ್ತಿಯಾಗುತ್ತದೆಂಬ ಕಲ್ಪನೆ ಅಪೂರ್ವವಾದುದು. ವಚನವನ್ನು ಇಂಗ್ಲಿಷಿಗೆ ತರಲು ಹೋಗಿ ಕೈಚೆಲ್ಲಿದವರಿಗೆ ಕೂಡಲೆ ಅರ್ಥವಾದೀತು. ಆದರೆ ಬ್ರಿಟಿಷ್ ಸಾಮ್ರಾಜ್ಯದ ಅನ್ಯಾಯವನ್ನು ಕಥೆಯೇ ಹೇಳುತ್ತಿರುವಾಗ ಅಡಿಟಿಪ್ಪಣಿಯಲ್ಲಿ ಮತ್ತೊಮ್ಮೆ ಬೋಧಿಸುವ ಅಭ್ಯಾಸ ನಮಗೆ ಬೇಸರ ತಂದಿತು. ಸುಸಾನಾ ಕ್ಲಾರ್ಕ್ ಅವರ ‘ಪಿರನೇಸಿ’ 2020ರಲ್ಲಿ ಬಂದು, 2021ರಲ್ಲಿ ವಿಮೆನ್ಸ್ ಪ್ರೈಜ್ ಪಡೆಯಿತು. ಕೊನೆಯಿಲ್ಲದ ಮನೆ, ಸಾಲುಸಾಲು ಶಿಲಾಮೂರ್ತಿಗಳು, ಕೆಳಗಿನ ಅಂಕಣಗಳಿಗೆ ನುಗ್ಗುವ ಸಮುದ್ರ. ಅಲ್ಲಿ ಒಬ್ಬನೇ ಬದುಕುವ ನಿರೂಪಕನು ಸತ್ತವರ ಎಲುಬುಗಳಿಗೆ ನೀರು, ನೈದಿಲೆಗಳನ್ನು ಒಯ್ದು ಅರ್ಪಿಸುತ್ತಾನೆ; ತನಗೆ ದೊರೆತ ಮೀನು, ಬೆಚ್ಚನೆಯ ಬಟ್ಟೆ ಎಲ್ಲವೂ ಮನೆಯ ಕರುಣೆಯೆನ್ನುತ್ತಾನೆ. ಅವನೊಡನೆ ಬರುವ ವಿದ್ವಾಂಸನಿಗಾದರೋ ಆ ಮನೆ ಗುಪ್ತಶಕ್ತಿಯನ್ನು ಕೊಳ್ಳೆಹೊಡೆಯುವ ಜಾಗ. ಮೂರು ಸಂಜೆಗಳಲ್ಲಿ ಮುಗಿಯುವ ಪುಸ್ತಕ. ಹಿರಿಯರು ತಮಗಾಗಿಯೇ ಕೊಂಡುಕೊಳ್ಳಬಹುದು.

ಒಂದೇ ಒಂದನ್ನು ಕೊಳ್ಳುವವರಿಗೆ ಮಾತ್ರ ನಾವು ಹಳೆಯದೊಂದನ್ನು ಸೂಚಿಸುತ್ತೇವೆ. ಜಪಾನಿನ ಮಾನವಶಾಸ್ತ್ರಜ್ಞೆ ನಾಹೋಕೊ ಉಎಹಾಶಿ 1996ರಲ್ಲಿ ಪ್ರಕಟಿಸಿದ ‘ಮೊರಿಬಿತೊ’. ಮಕ್ಕಳ ಸಾಹಿತ್ಯಕ್ಕೆ ಸಲ್ಲುವ ಹಾನ್ಸ್ ಕ್ರಿಶ್ಚಿಯನ್ ಆಂಡರ್ಸನ್ ಪ್ರಶಸ್ತಿ 2014ರಲ್ಲಿ ಇವರಿಗೆ ಬಂದಿದೆ. ಇದು ಹಗುರ ಕಾದಂಬರಿಯಲ್ಲ, ಮರುಹುಟ್ಟೂ ಇಲ್ಲ. ಬಲ್ಸಾ ಎಂಬ ಮೂವತ್ತು ವರ್ಷದ ಹೆಣ್ಣುಮಗಳು ಈಟಿ ಹಿಡಿದು ಹೊಟ್ಟೆಹೊರೆಯುವವಳು. ಅವಳನ್ನು ಕಾಪಾಡಲು ಸಾಕುತಂದೆ ಎಂಟು ಜನರನ್ನು ಕೊಂದಿದ್ದ. ಎಂಟು ಜೀವ ಉಳಿಸುತ್ತೇನೆಂಬುದು ಅವಳ ವ್ರತ. ಜಲದೇವತೆಯ ಮೊಟ್ಟೆಯನ್ನು ಮೈಯಲ್ಲಿ ಹೊತ್ತ ರಾಜಕುಮಾರನನ್ನು ಸಿಂಹಾಸನದ ಮಾನಕ್ಕಾಗಿ ತಂದೆಯೇ ಗುಟ್ಟಾಗಿ ಕೊಲ್ಲಿಸಹೊರಟಾಗ, ರಾಣಿ ಆ ಹುಡುಗನನ್ನು ಬಲ್ಸಾಳ ಕೈಗೆ ಒಪ್ಪಿಸುತ್ತಾಳೆ. ಮೂಲಪುರುಷನು ಜಲರಾಕ್ಷಸನನ್ನು ಕೊಂದು ರಾಜ್ಯ ಕಟ್ಟಿದನೆಂದು ಅರಮನೆಯ ಇತಿಹಾಸ ಹೇಳುತ್ತದೆ. ಅದು ರಾಕ್ಷಸವಲ್ಲ, ಮಳೆ ತರುವ ಜೀವವೆಂಬ ಸತ್ಯ ಉಳಿದಿರುವುದು ಆ ನೆಲದ ಮೂಲನಿವಾಸಿಗಳ ಹಬ್ಬದಲ್ಲಿ, ಅವರೇ ಅರ್ಥ ಮರೆತ ಹಾಡಿನಲ್ಲಿ. ಕಿರೀಟದ ಮಗನು ಗುಡಿಸಲಿನಲ್ಲಿ ನೀರು ಹೊತ್ತು, ಅಡುಗೆ ಕಲಿತು, ಆ ಹಾಡು ಬಲ್ಲವರ ಮಾತಿನಿಂದಲೇ ಬದುಕಿಕೊಳ್ಳಬೇಕಾಗುತ್ತದೆ.

ಮೊದಲ ಸಂಪುಟ ತನ್ನಷ್ಟಕ್ಕೆ ಪೂರ್ಣವಾಗಿದೆ. ಕ್ಯಾಥಿ ಹಿರಾನೊ ಅವರ ಇಂಗ್ಲಿಷ್ ಅನುವಾದ 2008ರಲ್ಲಿ ಬಂದಿದ್ದು, ಹತ್ತು ವರ್ಷದ ಮಗುವಿಗೂ ಎದುರಿಗೆ ಕೂರಿಸಿಕೊಂಡು ಓದಿ ಹೇಳುವಂತಿದೆ. ಇದನ್ನು ಕನ್ನಡಕ್ಕೆ ತರಲು ಸಮರ್ಥರಾರಾದರೂ ಮುಂದೆ ಬಂದರೆ, ಮೊದಲ ಪ್ರತಿಗೆ ಈಗಲೇ ನಮ್ಮ ಹೆಸರನ್ನು ಬರೆದುಕೊಳ್ಳಬಹುದು.